ಬಿಕಾನೇರ್ ಹುಟ್ಟಿದ್ದು ಕೋಟೆಯಿಂದಲೋ, ಬಾವಿಯಿಂದಲೋ?

ಬಾವಿಕಟ್ಟೆ:

ಬ್ಯಾಂಕ್ ನೌಕರಿಯ ಮೇಲೆ ಮೂರು ವರ್ಷ ರಾಜಸ್ಥಾನದ ಬಿಕಾನೇರಿನಲ್ಲಿದ್ದು, ಹೋದ ತಿಂಗಳಷ್ಟೇ ಚಳ್ಳಕೆರೆಗೆ ಮರಳಿದ್ದೇನೆ. ಅಲ್ಲಿದ್ದಷ್ಟು ದಿನವೂ ಒಂದು ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಅದನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ.

ಊರು ಹುಟ್ಟಿದ ಕಥೆಯನ್ನು ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಜೋಧಪುರ ಕಟ್ಟಿದ ರಾವ್ ಜೋಧನ ದರ್ಬಾರಿಗೆ ಮಗ ಬೀಕಾ ತಡವಾಗಿ ಬಂದು, ಚಿಕ್ಕಪ್ಪ ಕಾಂಧಲನ ಕಿವಿಯಲ್ಲಿ ಏನೋ ಪಿಸುಗುಟ್ಟಿದನಂತೆ. ಇಬ್ಬರೂ ಸೇರಿ ಹೊಸ ರಾಜ್ಯ ಗೆಲ್ಲುವ ಯೋಚನೆಯೋ ಎಂದು ತಂದೆ ನಗೆಯಾಡಿದನಂತೆ. ಆ ಮಾತನ್ನೇ ಪಣವಾಗಿ ಹಿಡಿದ ಬೀಕಾ 1465ರಲ್ಲಿ ಚಿಕ್ಕಪ್ಪನೊಂದಿಗೆ, ಸಣ್ಣದೊಂದು ಪಡೆ ಕಟ್ಟಿಕೊಂಡು, ಉತ್ತರದ ಜಾಂಗಲದೇಶವೆಂಬ ಮರಳುನಾಡಿಗೆ ಹೊರಟ. ಕೋಡಮ್‌ದೇಸರ್‌ನಲ್ಲಿ ಕೋಟೆ ಕಟ್ಟಲು ಹೋಗಿ, ಭಾಟಿ ರಜಪೂತರು ಅಡ್ಡ ಬಂದದ್ದರಿಂದ ಕೈಬಿಟ್ಟ. 1485ರಲ್ಲಿ ರಾತಿ ಘಾಟಿ ಎಂಬಲ್ಲಿ ಸಣ್ಣ ಕೋಟೆ ಎದ್ದಿತು. 1488ರ ವೈಶಾಖ ಶುದ್ಧ ಬಿದಿಗೆಯಂದು ಪಟ್ಟಣ ನೆಲೆಗೊಂಡಿತು.

ಕಥೆ ಇಲ್ಲಿಗೆ ಮುಗಿಯುತ್ತದೆ, ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಪ್ರವಾಸಿಗರು ನೋಡಿ ಬರುವ ಜುನಾಗಢ ಕೋಟೆ ಬೀಕಾ ಕಟ್ಟಿಸಿದ್ದಲ್ಲ. ಅದು ರಾಯ್ ಸಿಂಗ್ ಕಾಲದ್ದು, 1589ರಿಂದ 1594ರ ನಡುವೆ ಎದ್ದದ್ದು. ಅಂದರೆ ಊರು ನೂರು ವರ್ಷ ಬಾಳಿ ಬದುಕಿದ ಮೇಲೆ ಬಂದ ಕೋಟೆ. ಮೊದಲ ಕೋಟೆ ಇದ್ದ ಜಾಗಕ್ಕೆ ಬೀಕಾಜಿ ಕೀ ಟೇಕ್ರಿ ಎನ್ನುತ್ತಾರೆ. ನಮ್ಮ ದುರ್ಗದ ಏಳು ಸುತ್ತು ನೋಡಿದ ಕಣ್ಣಿಗೆ ಅದು ಒಂದು ಗುಡ್ಡೆ, ಅಷ್ಟೇ. ಹತ್ತಿರದಲ್ಲಿ ನದಿಯಿಲ್ಲ. ವರ್ಷದ ಮಳೆ 25–30 ಸೆಂಟಿಮೀಟರ್, ಬರದ ಸೀಮೆ ಎನಿಸಿಕೊಂಡ ನಮ್ಮ ಚಳ್ಳಕೆರೆಗಿಂತಲೂ ಬಹಳ ಕಡಿಮೆ. ಆ ಮೊದಲ ನೂರು ವರ್ಷ ಜನರನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಏನು?

ನನ್ನ ಉತ್ತರ: ಬಾವಿ, ಮತ್ತು ಬಾವಿಯ ಸುತ್ತ ಬೆಳೆದ ಕಟ್ಟುಪಾಡು. ಒಪ್ಪದವರು ಬರೆಯಬೇಕು.

ಹಳೇ ಮೇಷ್ಟ್ರು:

ಪ್ರಶ್ನೆ ಚೆನ್ನಾಗಿದೆ, ಉತ್ತರ ಅವಸರದ್ದು. ಬಾವಿ ಜಾಂಗಲದೇಶದಲ್ಲಿ ಬೀಕಾನಿಗಿಂತ ಮುಂಚೆಯೂ ಇತ್ತು. ಪಟ್ಟಣವೇಕೆ ಇರಲಿಲ್ಲ?

ಆ ನೆಲ ಖಾಲಿ ಬಿದ್ದಿರಲಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಗೋದಾರಾ, ಸಾರಣ, ಪೂನಿಯಾ, ಬೇನಿವಾಲ್, ಸಿಹಾಗ್, ಕಸ್ವಾನ್ ಎಂಬ ಜಾಟ್ ಕುಲಗಳು ಅದನ್ನು ಹಂಚಿಕೊಂಡಿದ್ದವು, ತಮ್ಮತಮ್ಮಲ್ಲೇ ಕಾದಾಡುತ್ತಿದ್ದವು. ಆ ಜಗಳದಲ್ಲಿ ಗೋದಾರಾ ಕುಲದ ಮುಖಂಡ ಪಾಂಡು ಬೀಕಾನ ಬೆಂಬಲ ಕೋರಿ, ಅವನನ್ನು ಒಡೆಯನೆಂದು ಒಪ್ಪಿಕೊಂಡ. ಬದಲಿಗೆ ದೊರೆತದ್ದು ದೊಡ್ಡ ಮರ್ಯಾದೆ: ಬಿಕಾನೇರಿನ ಅರಸನಿಗೆ ಪಟ್ಟದ ತಿಲಕವಿಡುವ ಹಕ್ಕು ಗೋದಾರಾ ಮನೆತನದ್ದು. ರಜಪೂತ ಅರಸನ ಹಣೆಗೆ ಬೇಸಾಯಗಾರ ಕುಲದವನ ಬೆರಳು ತಾಗದೆ ಪಟ್ಟ ಪೂರ್ತಿಯಾಗದು ಎಂದರೆ ಆ ಒಪ್ಪಂದದ ತೂಕ ತಿಳಿಯುತ್ತದೆ. ಊರ ಹೆಸರಿನ ಬಗ್ಗೆಯೂ ಇಂಥದೇ ಕಥೆಯಿದೆ. ಜಾಗದ ಒಡೆಯನಾಗಿದ್ದ ನೇರಾ ಎಂಬ ಜಾಟನು ತನ್ನ ಹೆಸರೂ ಊರಿನ ಹೆಸರಿನಲ್ಲಿ ಉಳಿಯಬೇಕೆಂದು ಕೇಳಿದನಂತೆ. ಬೀಕಾ, ನೇರಾ ಸೇರಿ ಬಿಕಾನೇರ್ ಆಯಿತಂತೆ. ಇದು ಜನರ ಮಾತು. ‘ನೇರ್’ ಎಂದರೆ ನಗರವೇ ಎನ್ನುವವರೂ ಇದ್ದಾರೆ.

ಇನ್ನು ರಕ್ಷಣೆ. 1534ರಲ್ಲಿ ಬಾಬರನ ಮಗ ಕಾಮ್ರಾನ್ ದಂಡೆತ್ತಿ ಬಂದಾಗ ರಾವ್ ಜೈತ್ಸಿ ರಾತ್ರಿ ಮುಗಿಬಿದ್ದು ಓಡಿಸಿದ. ಕೆಲವೇ ವರ್ಷಗಳಲ್ಲಿ ಜೋಧಪುರದ ಮಾಲದೇವನ ದಾಳಿಯಲ್ಲಿ ಅದೇ ಜೈತ್ಸಿ ಸತ್ತ, ಊರು ಕೈಬಿಟ್ಟಿತು. ಮಗ ಕಲ್ಯಾಣಮಲ್ ಶೇರ್ ಶಾಹನ ಆಸರೆಯಿಂದ 1544ರಲ್ಲಿ ಮರಳಿ ಪಡೆದ. ಕತ್ತಿಯಿಲ್ಲದೆ ಹೋಗಿದ್ದರೆ ನಿಮ್ಮ ಬಾವಿಯ ನೀರು ಕುಡಿಯಲು ಊರೇ ಇರುತ್ತಿರಲಿಲ್ಲ.

ಬಾವಿಕಟ್ಟೆ:

ಮೇಷ್ಟ್ರೇ, ನಮಸ್ಕಾರ. ನೀವು ಹೇಳಿದ ಗೋದಾರಾ ಒಪ್ಪಂದವೇ ನನ್ನ ಮಾತಿಗೆ ಆಧಾರ. ಬೀಕಾನಿಗೆ ಗೋದಾರಾಗಳಿಂದ ಸಿಕ್ಕಿದ್ದು ಬರೀ ನೆಲವೇ? ನೆಲ ಅಲ್ಲಿ ಕಣ್ಣು ಹಾಯುವಷ್ಟೂ ಬಿದ್ದಿದೆ. ನೀರಿರುವ ನೆಲ ಯಾವುದು, ಎಷ್ಟು ಆಳದಲ್ಲಿ ಸಿಹಿ, ಎಲ್ಲಿ ಸವಳು ಎಂಬ ತಿಳಿವು ತಲೆಮಾರುಗಳಿಂದ ಅಲ್ಲಿ ಬಾಳಿದ ಆ ಜನರ ಬಳಿಯಲ್ಲಿತ್ತು. ಆ ಸೀಮೆಯ ಊರುಗಳ ಹೆಸರು ನೋಡಿ: ಕೋಡಮ್‌ದೇಸರ್, ನಾಪಾಸರ್, ಲೂಣಕರಣ್‌ಸರ್. ಕೊನೆಯ ‘ಸರ್’ ಎಂದರೆ ನೀರಿನ ತಾಣ, ನಮ್ಮ ‘ಸರಸ್ಸು’, ‘ಸರೋವರ’ಗಳ ಬಳಗದ್ದು. ಚಳ್ಳಕೆರೆ, ಅರಸೀಕೆರೆ, ಹೊಳಲ್ಕೆರೆ ಎಂದು ನಾವು ಊರನ್ನು ಕರೆಯುವ ಹಾಗೆಯೇ. ಮಳೆ ಕಡಿಮೆ ಇರುವ ಕಡೆ ಊರಿನ ಹೆಸರು ಹೇಳಿದರೆ ನೀರಿನ ಹೆಸರೂ ಹೇಳಿದಂತೆ.

ನಾನಿದ್ದ ಬಾಡಿಗೆ ಮನೆಯಿಂದ ಕೂಗಳತೆಯಲ್ಲಿ ಒಂದು ಹಳೆಯ ಬಾವಿಯಿತ್ತು. ಈಗ ನೀರು ಸೇದುವವರಿಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಮೊದಲ ದಿನ ಒಳಗೆ ಬಗ್ಗಿ ನೋಡಿದಾಗ ಕತ್ತಲಲ್ಲದೆ ಬೇರೇನೂ ಕಾಣಲಿಲ್ಲ. ಸಣ್ಣ ಕಲ್ಲೊಂದನ್ನು ಬಿಟ್ಟೆ. ಸದ್ದು ಬರಲೇ ಇಲ್ಲವೆಂದು ತಿರುಗುವಷ್ಟರಲ್ಲಿ ಬಂತು. ಆ ಸೀಮೆಯಲ್ಲಿ ‘ಸಾಠಿ’ ಎಂಬ ಬಾವಿಗಳಿವೆ. ಸಾಠಿ ಎಂದರೆ ಅರವತ್ತು ‘ಪುರುಷ’ ಆಳದ್ದು. ಎರಡೂ ಕೈ ಚಾಚಿ ನಿಂತವನ ಬೆರಳ ತುದಿಯಿಂದ ಬೆರಳ ತುದಿಯವರೆಗಿನ ಉದ್ದ ಒಂದು ಪುರುಷ, ಅಂದರೆ ನಮ್ಮ ಮಾರು. ಅರವತ್ತು ಮಾರು ಎಂದರೆ ಸುಮಾರು 300 ಅಡಿ. ಅಷ್ಟು ಆಳದಿಂದ ಚರ್ಮದ ಬಾನಿಯಲ್ಲಿ ನೀರೆತ್ತಲು ಮನುಷ್ಯನ ತೋಳು ಸಾಲದು. ಎತ್ತು, ಒಂಟೆಗಳು ಹಗ್ಗ ಎಳೆಯುತ್ತಾ ಇಳಿಜಾರಿನಲ್ಲಿ ನಡೆಯಬೇಕು. ಬಾವಿ ಎಷ್ಟು ಆಳವೋ ಅಷ್ಟೇ ಉದ್ದ ಆ ದಾರಿ. ಅದನ್ನು ‘ಸಾರಣ’ ಎನ್ನುತ್ತಾರೆ. ಬಾನಿ ಮೇಲೆ ಬಂದ ಗಳಿಗೆಗೆ ಸರಿಯಾಗಿ ಹಗ್ಗದ ಕೀಲು ಕಳಚುವವನು ‘ಕೀಲಿಯಾ’. ಅವನು ಒಂದು ಕ್ಷಣ ತಡಮಾಡಿದರೂ ಅನಾಹುತ.

ಅಲ್ಲಿಯ ಬಾವಿಗಳ ಕಟ್ಟೆಕಲ್ಲಿನ ಮೇಲೆ ಕೈಯಾಡಿಸಿದರೆ ಹಗ್ಗ ಉಜ್ಜಿ ಉಜ್ಜಿ ಕೊರೆದ ಗೆರೆಗಳು ಬೆರಳಿಗೆ ಸಿಗುತ್ತವೆ. ನಮ್ಮ ಮನೆ ಹತ್ತಿರದ ಬಾವಿಯಲ್ಲಿ ಒಂದು ಗೆರೆ ನನ್ನ ಕಿರುಬೆರಳು ಪೂರ್ತಿ ಹುದುಗುವಷ್ಟು ಆಳವಿತ್ತು. ಆ ಗೆರೆಗೆ ಎಷ್ಟು ಸಾವಿರ ಬಾನಿ ನೀರು ಬೇಕಾಯಿತೋ ಎಂದು ಎಷ್ಟೋ ಸಂಜೆ ಅಲ್ಲಿ ಕುಳಿತು ಯೋಚಿಸಿದ್ದೇನೆ. ಕತ್ತಿ ಊರನ್ನು ಕಾಯಿತು, ಒಪ್ಪುತ್ತೇನೆ. ಆದರೆ ಕತ್ತಿ ಯುದ್ಧದ ದಿನ ಬೇಕು, ಬಾನಿ ದಿನದಿನವೂ ಬೇಕು.

ಎರೆಹೊಲದಾಕೆ:

ಓದುತ್ತಾ ನಮ್ಮ ಅಜ್ಜನ ಹೊಲದ ಕಪಿಲೆ ಬಾವಿ ಕಣ್ಮುಂದೆ ಬಂತು. ಎತ್ತುಗಳು ಹಿಂದೆ ಸರಿಯುವಾಗ ಅಜ್ಜ ಹಾಡುತ್ತಿದ್ದ ಪದ ಇನ್ನೂ ಕಿವಿಯಲ್ಲಿದೆ. ನಮ್ಮ ಬಾವಿ ಬಹಳವೆಂದರೆ 40 ಅಡಿ ಇತ್ತು. ಅಷ್ಟಕ್ಕೇ ಎತ್ತುಗಳ ಬಾಯಲ್ಲಿ ನೊರೆ ಬರುತ್ತಿತ್ತು.

ನನಗೊಂದು ಅನುಮಾನ. ಅಂಥ ಬಾವಿ ತೋಡಿಸಲು ಅರಸನೋ ಸಾಹುಕಾರನೋ ಬೇಕು. ಪಟ್ಟಣದ ಹೊರಗೆ ಕುರಿ, ಒಂಟೆ ಮೇಯಿಸಿಕೊಂಡಿದ್ದವರು ಏನು ಕುಡಿಯುತ್ತಿದ್ದರು?

ನೀರಗಂಟಿ:

ಈ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಭೂವಿಜ್ಞಾನ ಓದಿದವನು, ಕೆಲಸದ ಮೇಲೆ ಚೂರು ಜಿಲ್ಲೆ, ಬಿಕಾನೇರ್ ಸೀಮೆ ಎರಡನ್ನೂ ಸುತ್ತಿದ್ದೇನೆ.

ಮರುಭೂಮಿಯ ಜನ ನೀರನ್ನು ಮೂರಾಗಿ ಗುರುತಿಸುತ್ತಾರೆ. ಮಳೆಯಾಗಿ ಬಿದ್ದು ಕೆರೆಕುಂಟೆಯಲ್ಲಿ ನಿಲ್ಲುವುದು ‘ಪಾಲರ್’ ನೀರು. ಬಾವಿಯ ಆಳದ್ದು ‘ಪಾತಾಳ’ ನೀರು. ಬಹಳ ಕಡೆ ಅದು ಉಪ್ಪು. ಎರಡರ ನಡುವೆ ಇನ್ನೊಂದಿದೆ, ‘ರೇಜಾಣಿ’. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಂ ಪದರ ಹಾಸಿದೆ. ಮಳೆಯ ನೀರು ಮರಳಿನೊಳಗೆ ಇಳಿದು, ಈ ಪದರ ತಡೆದು ನಿಲ್ಲಿಸಿ, ಕೆಳಗಿನ ಉಪ್ಪುನೀರಿಗೆ ಬೆರೆಯದೆ ತೇವವಾಗಿ ಉಳಿಯುತ್ತದೆ. ಮೇಲಿನ ಒಣಮರಳು ಆ ತೇವ ಆರಿಹೋಗದಂತೆ ಕಾಯುತ್ತದೆ. ನಮ್ಮ ಎರೆಮಣ್ಣಿನ ಹಾಗೆ ಮರಳು ಬಿರುಕು ಬಿಡುವುದಿಲ್ಲ. ಒಳಗಿನ ತೇವಕ್ಕೆ ಹೊರಬರಲು ದಾರಿಯೇ ಇಲ್ಲ.

ಆ ಪದರದವರೆಗೆ ತೋಡುವ ಇಕ್ಕಟ್ಟಿನ ಗುಂಡಿಗೆ ‘ಕುಂಯಿ’ ಎಂದು ಹೆಸರು, ಬಾವಿಯ ಮರಿ ಎಂದುಕೊಳ್ಳಿ. ಒಬ್ಬನೇ ಕುಕ್ಕರಗಾಲಿನಲ್ಲಿ ಕುಳಿತು, ಗಿಡ್ಡ ಹಿಡಿಯ ಸಲಕರಣೆಯಿಂದ ಕೆರೆದು ಕೆರೆದು ಇಳಿಯಬೇಕು. ಒಳಗೆ ಉಸಿರುಕಟ್ಟುವ ಸೆಕೆ. ಮೇಲಿದ್ದವರು ಆಗಾಗ ಹಿಡಿಮರಳನ್ನು ರಭಸದಿಂದ ಕೆಳಕ್ಕೆ ಎಸೆಯುತ್ತಾರೆ. ಮರಳಿನ ಜೊತೆ ತಂಪುಗಾಳಿ ಇಳಿದು, ಬಿಸಿಗಾಳಿ ಮೇಲೆ ಬರುತ್ತದೆ. ಎಸೆದ ಮರಳು ನೆತ್ತಿಗೆ ತಾಗದಿರಲೆಂದು ಒಳಗಿರುವವನ ತಲೆಯ ಮೇಲೆ ಲೋಹದ ಟೋಪಿ. ಇಷ್ಟೆಲ್ಲ ಪಟ್ಟ ಮೇಲೆ ಗೋಡೆಯ ತೇವ ಹನಿಹನಿಯಾಗಿ ಜಿನುಗಿ ದಿನಕ್ಕೆ ಎರಡು ಮೂರು ಕೊಡ ನೀರು ಸೇರುತ್ತದೆ. ಅಷ್ಟೇ. ಆದರೆ ಸಿಹಿನೀರು.

ಬಾವಿಕಟ್ಟೆ ಅವರ ‘ಕಟ್ಟುಪಾಡು’ ಎಂಬ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಕುಂಯಿ ಒಂದು ಮನೆಯದ್ದು, ತೇವದ ನೆಲ ಇಡೀ ಊರಿನದ್ದು. ಹೊಸ ಕುಂಯಿ ತೋಡಿದರೆ ಇದ್ದ ತೇವವೇ ಹಂಚಿಹೋಗುತ್ತದೆ. ಆದ್ದರಿಂದ ಊರವರು ಒಪ್ಪದೆ ಯಾರೂ ತೋಡುವಂತಿರಲಿಲ್ಲ. ಕೊಳವೆಬಾವಿಗಳಿಂದ ನಮ್ಮ ಊರುಗಳಿಗೆ ಬಂದ ಗತಿ ನೋಡಿದಾಗಲೆಲ್ಲ ನನಗೆ ಆ ನಿಯಮ ನೆನಪಾಗಿ ಸಂಕಟವಾಗುತ್ತದೆ.

ಬನ್ನಿಮರ:

ಬಿಕಾನೇರ್ ಬೆಳೆದ ಅದೇ ವರ್ಷಗಳಲ್ಲಿ ಅದೇ ನೆಲದಲ್ಲಿ ಇನ್ನೂ ಒಂದು ಹುಟ್ಟಿತು. ಅದನ್ನು ಹೇಳದೆ ಈ ಚರ್ಚೆ ಪೂರ್ತಿಯಾಗದು. ರಾತಿ ಘಾಟಿಯಲ್ಲಿ ಬೀಕಾನ ಕೋಟೆ ಎದ್ದ 1485ರಲ್ಲೇ, ಈಗಿನ ಬಿಕಾನೇರ್ ಜಿಲ್ಲೆಯ ಸಮ್ರಾಥಲ್ ದಿಬ್ಬದ ಮೇಲೆ ಜಾಂಭೋಜಿ ಬಿಷ್ಣೋಯಿ ಪಂಥ ಸ್ಥಾಪಿಸಿದರು. ಬೀಸ್ ಮತ್ತು ನೌ, ಇಪ್ಪತ್ತೊಂಬತ್ತು ನಿಯಮಗಳು. ಹಸಿಮರ ಕಡಿಯಬಾರದು, ಪ್ರಾಣಿಗಳ ಮೇಲೆ ದಯೆಯಿರಬೇಕು, ನೀರನ್ನು ಸೋಸಿ ಕುಡಿಯಬೇಕು ಎಂಬುವು ಅದರಲ್ಲಿವೆ. ಬರ ಕಂಡು ನೊಂದ ಮನುಷ್ಯ ಕೊಟ್ಟ ನಿಯಮಗಳು ಅವು.

ಅವರು ಮುಖ್ಯವಾಗಿ ಕಾಯ್ದ ಮರ ಯಾವುದೆಂದುಕೊಂಡಿರಿ? ಖೇಜ್ಡಿ. ನಮ್ಮ ಬನ್ನಿಯೇ ಅದು. ನಾವು ವಿಜಯದಶಮಿಯ ದಿನ ಎಲೆ ಹಂಚಿ ‘ಬನ್ನಿ ಬಂಗಾರವಾಗಲಿ’ ಎನ್ನುತ್ತೇವೆ. ಅವರಿಗೆ ವರ್ಷವಿಡೀ ಅದೇ ಬಂಗಾರ: ಎಲೆ ಒಂಟೆ–ಮೇಕೆಗಳಿಗೆ ಮೇವು, ಕಾಯಿ ‘ಸಾಂಗ್ರಿ’ ಪಲ್ಯಕ್ಕೆ, ನೆರಳಿನಡಿ ಸಜ್ಜೆಯ ಹೊಲ. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಬರದಲ್ಲೂ ಹಸಿರು.

ಬೀಕಾನ ಬೆನ್ನಿಗೆ ನಿಂತ ಕರ್ಣಿ ಮಾತೆಯನ್ನೂ ಮರೆಯಬಾರದು. ಪೂಗಲ್‌ನ ಭಾಟಿ ಮುಖಂಡ ಶೇಖಾನ ಮಗಳನ್ನು ಬೀಕಾನಿಗೆ ತಂದುಕೊಂಡ ಮದುವೆಯನ್ನು ಕೂಡಿಸಿದ್ದು ಆಕೆಯೇ ಎನ್ನುತ್ತಾರೆ, ಹಗೆಯಾಗಿದ್ದವರು ಬೀಗರಾದರು. ದೇಶ್ನೋಕ್ ಊರಿನ ಆಕೆಯ ಗುಡಿಯಲ್ಲಿ ಎಲ್ಲರೂ ಇಲಿಗಳನ್ನಷ್ಟೇ ನೋಡಿ ಬರುತ್ತಾರೆ. ಊರ ಸುತ್ತ ಆಕೆಯ ಹೆಸರಿನ ‘ಓರಣ’ವಿದೆ, ನಮ್ಮ ದೇವರಕಾಡಿನಂತೆ. ಅಲ್ಲಿನ ಬೋರೆ ಗಿಡಗಳಿಗೆ ಕೊಡಲಿ ಹಾಕುವಂತಿಲ್ಲ. ಒಬ್ಬಳು ದೇವಿಯಾದಳು, ಒಬ್ಬರು ಗುರುವಾದರು, ಒಬ್ಬ ಅರಸನಾದ. ಊರಿಗೆ ಮೂವರೂ ಬೇಕಾಗಿದ್ದರು.

ಹಳೇ ಮೇಷ್ಟ್ರು:

ಬನ್ನಿಮರ ಅವರೇ, ತುಂಬಾ ಒಳ್ಳೆಯ ಮಾತು. 1485ರ ಈ ಜೋಡಿಯನ್ನು ನಾನು ಎಂದೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ನೀರು ಸಿಕ್ಕಿತು, ಮರ ಉಳಿಯಿತು. ಆದರೂ ಅದು ಹಳ್ಳಿಯಾಗಬಹುದಿತ್ತು. ಪಟ್ಟಣ ಮಾಡಿದ್ದು ವ್ಯಾಪಾರ. ಮುಲ್ತಾನ್ ಕಡೆಯಿಂದ ದೆಹಲಿಗೆ, ಗುಜರಾತಿನ ಬಂದರುಗಳಿಗೆ ಹೋಗುವ ಒಂಟೆಸಾಲುಗಳಿಗೆ ಇದು ತಂಗುದಾಣ. ಓಸ್ವಾಲ ಜೈನ ವರ್ತಕರು ಮೊದಲ ತಲೆಮಾರಿನಲ್ಲೇ ಬಂದು ನೆಲೆಸಿದರು. ಭಾಂಡಾಸರ್ ಬಸದಿ ಅವರದೇ ಗುರುತು. ಐದನೆಯ ತೀರ್ಥಂಕರ ಸುಮತಿನಾಥರದ್ದು, ಜುನಾಗಢಕ್ಕಿಂತ ಹಳೆಯದು. ಗಾರೆ ಕಲಸಲು ನೀರು ಕೊಡಲು ಊರವರು ಹಿಂಜರಿದಾಗ ಸಾಹುಕಾರ ಭಾಂಡಾ ಶಾಹ ಬುನಾದಿಗೆ ತುಪ್ಪವನ್ನೇ ಸುರಿಸಿದ ಎಂಬ ಕಥೆ ಪ್ರಸಿದ್ಧ. ಬೇಸಿಗೆಯಲ್ಲಿ ನೆಲ ಈಗಲೂ ಜಿಡ್ಡಾಗುತ್ತದೆ ಎನ್ನುತ್ತಾರೆ. ಕಥೆ ನಿಜವೇ ಎಂದು ಕೇಳುವುದಕ್ಕಿಂತ, ನೀರಿಗಿಂತ ತುಪ್ಪ ಸುಲಭ ಎಂಬ ಕಥೆಯನ್ನು ಯಾವ ಊರು ಹೆಣೆಯಬಲ್ಲದು ಎಂದು ಯೋಚಿಸಬೇಕು. ಬಾವಿಕಟ್ಟೆ ಅವರೇ, ಈ ಒಂದು ಕಥೆಯ ಮಟ್ಟಿಗೆ ನಿಮ್ಮ ಪಕ್ಷ ಸೇರಿದ್ದೇನೆ.

ಬಳ್ಳಾರಿ ಸೀಮೆ:

ಈ ಮರಳೂರಿಗೂ ನಮ್ಮ ಸೀಮೆಗೂ ನಂಟಿದೆ, ಹೇಳಲೇಬೇಕು. ಬಿಕಾನೇರಿನ ಮಹಾರಾಜ ಅನೂಪ್ ಸಿಂಗ್ (ಆಳ್ವಿಕೆ 1669–1698) ಔರಂಗಜೇಬನ ಸೇನಾನಿಯಾಗಿ ಬದುಕಿನ ಬಹುಪಾಲನ್ನು ದಖ್ಖನ್ನಿನಲ್ಲೇ ಕಳೆದ. 1686ರಲ್ಲಿ ಬಿಜಾಪುರದ ಆದಿಲಶಾಹಿ ಮುಗಿದ ಮುತ್ತಿಗೆಯಲ್ಲಿದ್ದ. ನಮ್ಮ ಬಳ್ಳಾರಿಯ ಪಕ್ಕದ ಆದವಾನಿ ಕೋಟೆ ಬಿಜಾಪುರದ ಸರದಾರ ಸಿದ್ದಿ ಮಸೂದನಿಂದ ಮೊಗಲರ ಕೈಸೇರಿದ ಮೇಲೆ ಅಲ್ಲಿ ಅಧಿಕಾರ ನಡೆಸಿದ. 1698ರಲ್ಲಿ ತೀರಿಕೊಂಡದ್ದೂ ಆದವಾನಿಯಲ್ಲೇ. ಆದವಾನಿಯಲ್ಲಿ ವಶಪಡಿಸಿಕೊಂಡದ್ದು ಎಂಬ ಬರಹ ಕೆತ್ತಿದ ಕಠಾರಿಗಳು ಬಿಕಾನೇರಿನ ಆಯುಧಶಾಲೆಯಲ್ಲಿದ್ದವು.

ಯುದ್ಧದ ನಡುವೆ ಅವನು ಸಂಸ್ಕೃತ ಹಸ್ತಪ್ರತಿಗಳನ್ನೂ ಲೋಹದ ದೇವರ ವಿಗ್ರಹಗಳನ್ನೂ ಕೂಡಿಹಾಕಿ ಬಿಕಾನೇರಿಗೆ ಕಳುಹಿಸಿದ. ಹಸ್ತಪ್ರತಿಗಳು ಅನೂಪ್ ಸಂಸ್ಕೃತ ಗ್ರಂಥಾಲಯವಾದವು. ವಿಗ್ರಹಗಳು ಜುನಾಗಢದ ಒಳಗೆ ಮೂವತ್ತಮೂರು ಕೋಟಿ ದೇವತೆಗಳ ಗುಡಿಯಾದವು. ತುಂಗಭದ್ರೆಯ ಸೀಮೆಯ ಯಾವ ಮನೆಯ, ಯಾವ ಗುಡಿಯ ದೇವರು ಒಂಟೆಯ ಬೆನ್ನೇರಿ ಆ ಮರಳಿಗೆ ಹೋದರೋ ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ. ಆದವಾನಿ, ಬಿಜಾಪುರಗಳ ಸಂಪತ್ತೂ ಕಲೆಯೂ ಆ ಪಟ್ಟಣದ ಬೆಳವಣಿಗೆಯಲ್ಲಿ ಬೆರೆತಿವೆ. ಬಿಕಾನೇರಿ ಚಿತ್ರಗಳಲ್ಲಿ ದಖ್ಖನಿ ಶೈಲಿಯ ಎಳೆ ಕಾಣುವುದು ಹೀಗೇ.

ಕಾಲುವೆ ಏರಿ:

ಎಲ್ಲರಿಗೂ ವಂದನೆ. ಹಳೆಯ ಬಾವಿಗಳ ಬಗ್ಗೆ ನಿಮಗಿರುವ ಪ್ರೀತಿ ನನಗೂ ಇದೆ. ಆದರೆ ಅವು ಕೈಕೊಟ್ಟ ದಿನವನ್ನೂ ದಾಖಲಿಸಬೇಕು. ವಿಕ್ರಮ ಸಂವತ್ 1956, ನಮ್ಮ ಲೆಕ್ಕದಲ್ಲಿ 1899–1900. ಆ ಬರವನ್ನು ‘ಛಪ್ಪನಿಯಾ’ ಎನ್ನುತ್ತಾರೆ. 1891ರ ಜನಗಣತಿಯಲ್ಲಿ ಬಿಕಾನೇರ್ ಸಂಸ್ಥಾನದ ಜನಸಂಖ್ಯೆ 8.32 ಲಕ್ಷ, 1901ರಲ್ಲಿ 5.85 ಲಕ್ಷ. ಸತ್ತವರೆಷ್ಟೋ, ದನಕರು ಹೊಡೆದುಕೊಂಡು ಗುಳೆ ಹೋದವರೆಷ್ಟೋ. ಕಟ್ಟುಪಾಡು ಅಷ್ಟು ಗಟ್ಟಿಯಾಗಿದ್ದರೆ ಇಷ್ಟು ಜನ ಏಕೆ ಕರಗಿಹೋದರು?

ಮಹಾರಾಜ ಗಂಗಾ ಸಿಂಗ್‌ಗೆ ಪೂರ್ಣ ಅಧಿಕಾರ ಬಂದದ್ದು 1898ರಲ್ಲಿ. ಮರುವರ್ಷವೇ ಈ ಬರ. ಹತ್ತೊಂಬತ್ತರ ಹುಡುಗ ಅದನ್ನು ಕಣ್ಣಾರೆ ಕಂಡ. ಮುಂದೆ ಪಂಜಾಬ್ ಸರ್ಕಾರ, ಬಹಾವಲಪುರ ಸಂಸ್ಥಾನಗಳೊಂದಿಗೆ ವರ್ಷಗಟ್ಟಲೆ ಹಗ್ಗಜಗ್ಗಾಡಿ, ಫಿರೋಜ್‌ಪುರದ ಬಳಿಯಿಂದ ಸಟ್ಲೆಜ್ ನೀರು ತಂದ. 1927ರ ಅಕ್ಟೋಬರ್ 26ರಂದು ಗಂಗ್ ಕಾಲುವೆ ತೆರೆಯಿತು. ನೀರು ಮರಳಿಗೆ ಇಂಗಿಹೋಗದಂತೆ ಗಾರೆ ಹಾಕಿದ ಕಾಲುವೆ. ಸಂಸ್ಥಾನದ ಉತ್ತರದಲ್ಲಿ ಶ್ರೀಗಂಗಾನಗರ ಬೆಳೆದದ್ದು ಆ ನೀರಿನಿಂದ. ಆಮೇಲೆ 1958ರಲ್ಲಿ ರಾಜಸ್ಥಾನ ಕಾಲುವೆಯ ಕೆಲಸ ಶುರುವಾಯಿತು. ಈಗ ಅದು ಇಂದಿರಾ ಗಾಂಧಿ ಕಾಲುವೆ. ಅದರ ಏತ ಕಾಲುವೆಯ ನೀರನ್ನೇ ಬಿಕಾನೇರ್ ಇಂದು ಕುಡಿಯುತ್ತಿದೆ. 1901ರಲ್ಲಿ 53 ಸಾವಿರ ಜನರಿದ್ದ ಊರು 2011ರಲ್ಲಿ 6.44 ಲಕ್ಷವಾಗಿದ್ದು ಬಾವಿಯಿಂದಲ್ಲ.

ಬಾವಿಕಟ್ಟೆ:

ನಿಮ್ಮ ಅಂಕಿಗಳ ಮುಂದೆ ತಲೆಬಾಗುತ್ತೇನೆ. ಛಪ್ಪನಿಯಾ ಹೆಸರು ಎತ್ತಿದರೆ ಅಲ್ಲಿನ ಮುದುಕರು ಇಂದಿಗೂ ಮಾತು ನಿಲ್ಲಿಸುತ್ತಾರೆ. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ರೊಟ್ಟಿಯ ಚೂರು ತಟ್ಟೆಯಲ್ಲಿ ಬಿಡಲು ಯಾರಿಗೂ ಬಿಡುತ್ತಿರಲಿಲ್ಲ. ಆಕೆ ಹುಟ್ಟುವ ಎಷ್ಟೋ ವರ್ಷ ಮುಂಚಿನ ಬರ ಅದು.

ಒಂದು ತಿದ್ದುಪಡಿ ಮಾತ್ರ. ಆ ಬರದಲ್ಲಿ ಮೊದಲು ಹೋದದ್ದು ಮೇವು ಮತ್ತು ಕಾಳು. ಬಾವಿ ಜನರಿಗೆ ಕುಡಿಯುವ ನೀರು ಕೊಡಬಲ್ಲದು, ಹೊಲಕ್ಕೆ ಉಣಿಸಲಾರದು. ಬಾವಿಯ ಶಕ್ತಿಯೂ ಮಿತಿಯೂ ಅದೇ. ಕಾಲುವೆ ಆ ಮಿತಿ ದಾಟಿಸಿತು, ನಿಜ. ಆದರೆ ದಾಟಿದ ಮೇಲೆ ಕೆಲವು ಕಡೆ ನೆಲ ಜೌಗಾಯಿತು, ಉಪ್ಪು ಮೇಲೆದ್ದಿತು. ನೀರಗಂಟಿ ಅವರು ಹೇಳಿದ ಜಿಪ್ಸಂ ಪದರವೇ ಅಲ್ಲಿ ಕಾಲುವೆಯ ನೀರು ಇಳಿದುಹೋಗದಂತೆ ತಡೆಯಿತು. ಒಂದು ಕಾಲದಲ್ಲಿ ಹನಿ ಕಾಯ್ದುಕೊಟ್ಟ ಪದರ ಅದು. ನಾನು ಕೇಳಿದ್ದು ಮೊದಲ ನೂರು ವರ್ಷದ ಬಗ್ಗೆ. 1927ರಲ್ಲಿ ಕಾಲುವೆ ತರಲು ಊರೊಂದು ಅಲ್ಲಿಯವರೆಗೆ 439 ವರ್ಷ ಉಳಿದಿರಬೇಕಿತ್ತಲ್ಲ.

ನೀರಗಂಟಿ:

ಜೌಗಿನ ಬಗ್ಗೆ ಹೇಳಿದ್ದು ಸರಿ. ಗಟ್ಟಿಪದರ ಮೇಲಕ್ಕೇ ಇರುವ ಕಡೆ ಅತಿಯಾಗಿ ನೀರುಣಿಸಿದರೆ ಹೀಗಾಗುತ್ತದೆ. ಹನುಮಾನ್‌ಗಢ ಕಡೆ ಕಣ್ಣಾರೆ ಕಂಡಿದ್ದೇನೆ.

ಎರೆಹೊಲದಾಕೆ:

ಜನವರಿಯಲ್ಲಿ ಮನೆಯವರೊಂದಿಗೆ ಹೋಗಿಬರುವ ಯೋಚನೆಯಿದೆ. ಆ ಹಗ್ಗದ ಗೆರೆಗಳನ್ನು ಮುಟ್ಟಿ ನೋಡಬೇಕು. ಎಲ್ಲಿಂದ ಶುರುಮಾಡಲಿ?

ಬಾವಿಕಟ್ಟೆ:

ಹಳೆಯ ಊರಿನ ಹೆಬ್ಬಾಗಿಲಿಗೆ ಕೋಟ್ ಗೇಟ್ ಎಂದೇ ಹೆಸರು. ನಮ್ಮ ಕೋಟೆಯೇ ಅಲ್ಲಿ ‘ಕೋಟ್’. ಅಲ್ಲಿಂದ ಒಳಗೆ ನಡೆಯಿರಿ, ಆಟೋ ಬೇಡ. ಚೌಕಗಳಲ್ಲಿ ‘ಪಾಟಾ’ ಎಂಬ ದೊಡ್ಡ ಮರದ ಜಗಲಿಗಳಿರುತ್ತವೆ. ಸಂಜೆ ಹಿರಿಯರು ಅಲ್ಲಿ ಸೇರುತ್ತಾರೆ. ನಮಸ್ಕಾರ ಹೇಳಿ ‘ಪುರಾನಾ ಕುವಾಂ’ ಎಂದು ಕೇಳಿದರೆ ಒಬ್ಬರಲ್ಲ ಒಬ್ಬರು ಎದ್ದು ಬಂದು ತೋರಿಸುತ್ತಾರೆ. ಲಕ್ಷ್ಮೀನಾಥ ಗುಡಿ, ಭಾಂಡಾಸರ್, ಬೀಕಾಜಿ ಟೇಕ್ರಿ ಮೂರೂ ಹಳೆಯ ಊರಿನಲ್ಲೇ ಇವೆ. ಅಲಖ್ ಸಾಗರ್ ಬಾವಿಯನ್ನು ಬಿಡಬೇಡಿ.

ಆದರೆ ಸಾಧ್ಯವಾದರೆ ಜನವರಿ ಬಿಟ್ಟು ವೈಶಾಖದಲ್ಲಿ ಹೋಗಿ. ಬಿಸಿಲು ಕಡುಕಷ್ಟ, ಆದರೂ ಬಿದಿಗೆ ಮತ್ತು ಅಕ್ಷಯ ತದಿಗೆ, ಎರಡು ದಿನ ಊರಿನ ಹುಟ್ಟುಹಬ್ಬ. ಬೆಳಗಿನಿಂದ ಇಡೀ ಪಟ್ಟಣ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ. ಮನೆಮನೆಯಲ್ಲಿ ತುಪ್ಪ ಸುರಿದ ಖೀಚಡಾ, ಹುಣಸೆಹಣ್ಣಿನ ಪಾನಕ. ನಾನಿದ್ದ ಮನೆಯ ಅಜ್ಜಿ ಆ ದಿನ ಹೊಸ ಮಣ್ಣಿನ ಮಡಕೆ ತಂದು, ಕುಂಕುಮವಿಟ್ಟು, ಕೊರಳಿಗೆ ದಾರ ಕಟ್ಟಿ, ನೀರು ತುಂಬಿಸಿ ಪೂಜೆ ಮಾಡುತ್ತಿದ್ದರು. ಪೂಜೆ ಮುಗಿಯುವವರೆಗೆ ಆ ಮಡಕೆಯ ನೀರನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಗಿದ ಮೇಲೆ ಮೊದಲ ಲೋಟ ಮೂಲೆಮನೆಯ ಬಾಡಿಗೆದಾರನಾದ ನನಗೆ ಕೊಟ್ಟರು.